ಪಕ್ಕೆ ಸೆಳೆತದಿಂದ ಪಿಸಿವಿವರೆಗೆ

“ಪಿಸಿವಿ ಹಾಕ್ತಾ ಇದೀವಲ್ಲ, ಇನ್ನೇನು ನ್ಯುಮೋನಿಯಾ ಚಿಂತೆ?” ಎಂಬ ಮಾತು ಈಚೆಗೆ ಆರೋಗ್ಯ ಕಾರ್ಯಕರ್ತರ ಸಭೆಗಳಲ್ಲೂ ಕಿವಿಗೆ ಬೀಳುತ್ತಿದೆ. ಮಾಗಡಿ ತಾಲ್ಲೂಕಿನಲ್ಲಿ, ಅದರಲ್ಲೂ ತಿಪ್ಪಸಂದ್ರ ಹೋಬಳಿಯ ಹಳ್ಳಿಗಳಲ್ಲಿ, ಮಕ್ಕಳ ಎದೆ ನೋಡುತ್ತಲೇ ವಯಸ್ಸು ಕಳೆದ ನನಗೆ ಈ ನಿಶ್ಚಿಂತೆ ಭಯ ಹುಟ್ಟಿಸುತ್ತದೆ. ಕೂಸುಗಳ ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ದೊಡ್ಡ ಗೆಲುವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಸಿಕೆಗಿಂತ ಮೊದಲೇ ಸಾವನ್ನು ತಗ್ಗಿಸಿದ ಕೆಲಸವೊಂದಿತ್ತು. ಅದನ್ನು ಈಗ ಕೈಬಿಡುವಂತಿಲ್ಲ.

ಹಳೆಯ ಕಥೆ ಬೇಗ ಮುಗಿಯುತ್ತದೆ. 1881ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮತ್ತು ಅಮೆರಿಕದ ಜಾರ್ಜ್ ಸ್ಟರ್ನ್‌ಬರ್ಗ್ ಬೇರೆಬೇರೆಯಾಗಿ ನ್ಯುಮೋನಿಯಾ ತರುವ ನ್ಯುಮೊಕಾಕಸ್ ರೋಗಾಣುವನ್ನು ಕಂಡರು. 1911ರಲ್ಲಿ ಆಲ್ಮ್‌ರಾತ್ ರೈಟ್ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಿಗೆ ಲಸಿಕೆ ಹಾಕಿ ನೋಡಿದರು. ಪೆನಿಸಿಲಿನ್ ಬಂದ ಮೇಲೆ ಲಸಿಕೆಯ ಕಡೆ ಆಸಕ್ತಿ ಬತ್ತಿತು. ಅಮೆರಿಕದಲ್ಲಿ 1977ರಲ್ಲಿ 14 ತಳಿಗಳ, 1983ರಲ್ಲಿ 23 ತಳಿಗಳ ಲಸಿಕೆ ಬಳಕೆಗೆ ಬಂದರೂ ಎರಡು ವರ್ಷದೊಳಗಿನ ಕೂಸುಗಳಿಗೆ ಅವು ನಾಟುತ್ತಿರಲಿಲ್ಲ. ನಮ್ಮ ರಾಮನಗರ ಇನ್ನೂ ಕ್ಲೋಸ್‌ಪೇಟೆಯಾಗಿದ್ದ 1930ರ ದಶಕದಲ್ಲೇ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿ ಗ್ರಾಮಾರೋಗ್ಯ ತರಬೇತಿ ಕೇಂದ್ರ ತೆರೆದಿತ್ತು. ಆ ಕಾಲದ ಗಮನವೆಲ್ಲ ಮಲೇರಿಯಾ, ಸಿಡುಬು, ಕೊಕ್ಕೆಹುಳುವಿನ ಮೇಲಿತ್ತು, ನ್ಯುಮೋನಿಯಾದ ಮೇಲಲ್ಲ.

ನಮ್ಮ ತಲೆಮಾರಿಗೆ ದಾರಿ ತೋರಿದ್ದು ಉಸಿರೆಣಿಕೆ. ಎಕ್ಸ್‌ರೇ ಇಲ್ಲದ ಊರಲ್ಲೂ ಉಸಿರಿನ ವೇಗದಿಂದಲೇ ನ್ಯುಮೋನಿಯಾ ಹಿಡಿಯಬಹುದೆಂದು ಪಪುವಾ ನ್ಯೂ ಗಿನಿಯಲ್ಲಿ ಕೆಲಸ ಮಾಡಿದ ಫ್ರ್ಯಾಂಕ್ ಶಾನ್ ಮುಂತಾದವರು ತೋರಿಸಿಕೊಟ್ಟರು. ನಿಮಿಷಕ್ಕೆ ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಔಷಧಿ ಶುರು ಮಾಡಬೇಕು. ಪಕ್ಕೆ ಸೆಳೆತ, ಅಂದರೆ ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುವುದು, ಕಂಡರೆ ಅಥವಾ ಕೂಸು ಎರಡು ತಿಂಗಳೊಳಗಿನದಾದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕೂಸು ಅಳದೆ ತಾಯಿಯ ಮಡಿಲಲ್ಲಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರನ್ನು ಈಗಲೂ ನೋಡುತ್ತೇನೆ. ಕೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ, ಆ ಲೆಕ್ಕ ತಪ್ಪುತ್ತದೆ.

ಈ ದಾರಿಯ ಅತ್ಯುತ್ತಮ ಕೆಲಸ ನಡೆದದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಹಳ್ಳಿಯ ಸೂಲಗಿತ್ತಿಯರಿಗೂ ಈ ಎಣಿಕೆ ಕಲಿಸಿದರು. ಎಣಿಕೆ ಬಾರದವರಿಗಾಗಿ ಮಣಿಗಳ ಚೌಕಟ್ಟು ಮಾಡಿಸಿದರು. ಹತ್ತು ಉಸಿರಿಗೊಂದು ಮಣಿ ಸರಿಸಬೇಕು. ಒಂದು ನಿಮಿಷದ ಮರಳು ಗಡಿಯಾರದಲ್ಲಿ ಮರಳು ಇಳಿದು ಮುಗಿಯುವಷ್ಟರಲ್ಲಿ ಕೈ ಕೆಂಪು ಮಣಿಗೆ ಬಂದರೆ ನ್ಯುಮೋನಿಯಾ. 1990ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಈ ಕಾರ್ಯಕರ್ತರು ನೋಡಿಕೊಂಡ ನ್ಯುಮೋನಿಯಾ ಮಕ್ಕಳಲ್ಲಿ ಸತ್ತವರು ಶೇ. 0.8, ಹೋಲಿಕೆಗೆಂದು ಇಟ್ಟ ಪ್ರದೇಶದಲ್ಲಿ ಶೇ. 13.5. ಮಕ್ಕಳ ಆರೋಗ್ಯದಲ್ಲಿ ನಮ್ಮ ದೇಶ ಇದಕ್ಕಿಂತ ಮಿಗಿಲಾದ ಪಾಠವನ್ನು ಜಗತ್ತಿಗೆ ಕಲಿಸಿಲ್ಲ. ಆಶಾ ಕಾರ್ಯಕರ್ತೆಯೇ ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ಕೊಡಬಹುದೆಂದು ಕೇಂದ್ರ ಸರ್ಕಾರದ ‘ಸಾನ್ಸ್’ ಅಭಿಯಾನ ಒಪ್ಪಿದ್ದು 2019ರಲ್ಲಿ. ಸುಮಾರು ಮೂವತ್ತು ವರ್ಷ ತಡವಾಯಿತು.

ಇನ್ನೊಂದು ಕೆಲಸ ನಮ್ಮ ಪಕ್ಕದಲ್ಲೇ ನಡೆದಿತ್ತು. ಸೌದೆ ಒಲೆಯ ಹೊಗೆ ಕೂಸಿನ ಶ್ವಾಸಕೋಶವನ್ನು ಸೋಂಕಿಗೆ ತೆರೆದಿಡುತ್ತದೆ. ಎ.ಕೆ.ಎನ್. ರೆಡ್ಡಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬೀಡುಬಿಟ್ಟು ಹಳ್ಳಿಯ ಇಂಧನ ಬಳಕೆಯನ್ನು ಅಭ್ಯಾಸ ಮಾಡಿತು. ಮುಂದೆ ಹೊಗೆ ಕೊಳವೆಯ ಅಸ್ತ್ರ ಒಲೆ ಮನೆಮನೆಗೆ ಬಂತು. ಅದನ್ನು ಸೌದೆ ಉಳಿತಾಯದ ಯೋಜನೆ ಎಂದಷ್ಟೇ ನೆನೆಯುತ್ತಾರೆ. ನನ್ನ ಮಟ್ಟಿಗೆ ಅದು ನ್ಯುಮೋನಿಯಾ ತಡೆಯ ಕೆಲಸವೂ ಹೌದು.

ಕೂಸುಗಳಿಗೂ ನಾಟುವ ಸಂಯುಕ್ತ ಲಸಿಕೆ, ಅಂದರೆ ಪಿಸಿವಿ, ಅಮೆರಿಕದಲ್ಲಿ 2000ದಲ್ಲಿ ಬಂತು. ನಮ್ಮಲ್ಲಿ ಬಹುಕಾಲ ಅದು ಡೋಸ್‌ಗೆ ಸಾವಿರಾರು ರೂಪಾಯಿ ತೆರಬಲ್ಲವರ ಮಕ್ಕಳಿಗೆ ಮಾತ್ರ. ನ್ಯುಮೋನಿಯಾ ತರುವ ಇನ್ನೊಂದು ರೋಗಾಣುವಾದ ಹಿಬ್ ಅನ್ನೂ ತಡೆಯುವ ಪೆಂಟಾವೇಲೆಂಟ್ 2013ರ ಹೊತ್ತಿಗೆ ಕರ್ನಾಟಕದ ಸರ್ಕಾರಿ ಲಸಿಕೆಯಾಯಿತು. ಪಿಸಿವಿ 2017ರಲ್ಲಿ ಹಿಮಾಚಲ ಪ್ರದೇಶ ಮತ್ತು ಬಿಹಾರ, ಉತ್ತರ ಪ್ರದೇಶಗಳ ಕೆಲ ಜಿಲ್ಲೆಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಹರಡಿತು. ಪುಣೆಯ ಸೀರಮ್ ಸಂಸ್ಥೆಯ ಹತ್ತು ತಳಿಗಳ ಲಸಿಕೆ ಅಗ್ಗವಾಗಿ ಸಿಕ್ಕದ್ದು ಇದಕ್ಕೆ ನೆರವಾಯಿತು. ಆದರೆ ನ್ಯುಮೊಕಾಕಸ್‌ನ ತಳಿಗಳು ನೂರರಷ್ಟಿವೆ. ವೈರಸ್‌ಗಳು ತರುವ ನ್ಯುಮೋನಿಯಾ ಬೇರೆಯೇ. ಆದ್ದರಿಂದ ಲಸಿಕೆ ಹಾಕಿಸಿದ ಕೂಸಿನ ಉಸಿರನ್ನೂ ಎಣಿಸಲೇಬೇಕು.

ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು: ಪಿಸಿವಿಯ ಮೂರು ಡೋಸ್, ಬಲತೊಡೆಗೆ. ನಮ್ಮ ಕಡೆ ಬಾಣಂತನ ತವರಿನಲ್ಲಿ. ಮೊದಲೆರಡು ಡೋಸ್ ಅಲ್ಲೇ ಆಗಿರುತ್ತವೆ, ದಡಾರದ ಚುಚ್ಚುಮದ್ದಿನ ಜೊತೆ ಬರುವ ಮೂರನೆಯದು ಗಂಡನ ಊರಿನ ಪಾಲಿಗೆ. ತಾಯಿ ಕಾರ್ಡ್ ತವರಿನ ಬೀರುವಿನಲ್ಲೇ ಉಳಿದರೆ ಇಲ್ಲಿನ ಸಿಸ್ಟರ್ ಏನು ನೋಡಿ ಹಾಕಬೇಕು? ಎರಡೂ ಊರಿನ ಆಶಾಗಳು ಫೋನಿನಲ್ಲಿ ಮಾತಾಡಿಕೊಂಡ ಕಡೆ ಈ ಡೋಸ್ ತಪ್ಪುವುದಿಲ್ಲ.

ಈ ಚರಿತ್ರೆಯಲ್ಲಿ ಮುದುಕರ ಹೆಸರೇ ಇಲ್ಲ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು, ಕಲ್ಲು ಕ್ವಾರಿಯ ದೂಳು ಕುಡಿದವರು ಇದೇ ರೋಗಾಣುವಿಗೆ ಸಲೀಸಾಗಿ ಸಿಕ್ಕಿಬೀಳುತ್ತಾರೆ. ಅವರಿಗೆ ಬೇಕಾದ ಲಸಿಕೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡಿಗಿದೆ, ಸರ್ಕಾರಿ ಪಟ್ಟಿಯಲ್ಲಿಲ್ಲ. ಬಿಪಿ, ಶುಗರ್ ತಪಾಸಣೆಗೆಂದು ಮೂವತ್ತು ದಾಟಿದವರ ಹೆಸರುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆಗಲೇ ಬರೆದಿಟ್ಟುಕೊಂಡಿವೆ. ಗುರುವಾರದ ಲಸಿಕೆ ದಿನಕ್ಕೆ ಮೊಮ್ಮಗುವನ್ನು ಎತ್ತಿಕೊಂಡು ಬರುವ ಅಜ್ಜಿಯ ಹೆಸರೂ ಆ ಪುಸ್ತಕದಲ್ಲಿದೆ. ಆಕೆಗೂ ಅದೇ ದಿನ, ಅದೇ ಬೆಂಚಿನ ಮೇಲೆ ಲಸಿಕೆ ಹಾಕಲು ಹೊಸ ಕಟ್ಟಡವೂ ಬೇಡ, ಹೊಸ ಸಿಬ್ಬಂದಿಯೂ ಬೇಡ.