ಭಾಗ 3: ಇಲ್ಲದ ಮೆಸೇಜಿನ ಕೆಂಪು ‘1’

ಫೇಸ್‌ಬುಕ್‌ನಲ್ಲಿ ಹಿಂದೆ ಒಂದು ಕಾಟ ಇತ್ತು. ಚಾಟ್ ಮೇಲೆ ಕೆಂಪು ‘1’, ತೆರೆದು ನೋಡಿದ್ರೆ ಹೊಸ ಮೆಸೇಜೇ ಇಲ್ಲ! ಸರಿಮಾಡಿದ್ರೂ ಮತ್ತೆ ಬರ್ತಿತ್ತು. ಆ್ಯಪ್‌ಗೆ ಸದ್ಯ ನೆನಪಿರೋ ಲೆಕ್ಕಕ್ಕೆ ಸ್ಟೇಟ್ ಅಂತಾರೆ. ಅದೇ ಲೆಕ್ಕವನ್ನ ಪುಟದ ಹಲವು ಭಾಗಗಳು ತಿದ್ದುತ್ತಿದ್ದವು.

2014ರಲ್ಲಿ ಅವರು ಫ್ಲಕ್ಸ್ ಪದ್ಧತಿ ಮುಂದಿಟ್ಟರು: ಡೇಟಾ ಒಂದೇ ದಿಕ್ಕಿಗೆ ಹರೀಬೇಕು. 2015ರಲ್ಲಿ ಡ್ಯಾನ್ ಅಬ್ರಮೋವ್, ಆಂಡ್ರ್ಯೂ ಕ್ಲಾರ್ಕ್ ಅದನ್ನ ಸರಳ ಮಾಡಿ ರಿಡಕ್ಸ್ ಬರೆದರು. ಸ್ಟೋರ್ ಒಂದೇ. ಯಾರೂ ನೇರ ಕೈ ಹಾಕಂಗಿಲ್ಲ. ಏನಾಯ್ತು ಅಂತ ‘ಆ್ಯಕ್ಷನ್’ ಕಳಿಸಬೇಕು, ರಿಡ್ಯೂಸರ್ ಹೊಸ ಸ್ಟೇಟ್ ಲೆಕ್ಕ ಹಾಕುತ್ತೆ. ಬಿಕಾಂನೋರಿಗೆ ಇದು ಹೊಸದಲ್ಲ ಕಣ್ರೋ, ಜರ್ನಲ್ ಎಂಟ್ರಿ! ಲೆಡ್ಜರ್ ಬ್ಯಾಲೆನ್ಸ್ ಅಳಿಸಿ ಬರೆದ್ರೆ ಆಡಿಟರ್ ಬಿಡ್ತಾರಾ? ಎಂಟ್ರಿಗಳಿದ್ರೆ ಹಿಂದಕ್ಕೆ ಹೋಗಿ ತಪ್ಪು ಹಿಡೀಬಹುದು. ಅಬ್ರಮೋವ್ ಪ್ಯಾರಿಸ್‌ನಲ್ಲಿ ತೋರಿಸಿದ ‘ಟೈಮ್ ಟ್ರಾವೆಲ್’ ಇದೇ.

ಆಮೇಲೆ ತುಂಬಾ ಜನ, ಮೆನು ತೆರೆದಿದೆಯಾ ಮುಚ್ಚಿದೆಯಾ ಅನ್ನೋದಕ್ಕೂ ರಿಡಕ್ಸ್ ಹಾಕಿದ್ರು. ಪೆಟ್ಟಿ ಅಂಗಡಿಗೆ ಕಂಪನಿ ಲೆಕ್ಕ ಬರೆದಂಗೆ! 2016ರಲ್ಲಿ ಅಬ್ರಮೋವ್ ಅವರೇ ‘ನಿಮಗೆ ರಿಡಕ್ಸ್ ಬೇಡದೇ ಇರಬಹುದು’ ಅಂತ ಲೇಖನ ಬರೆದರು. 2019ರಲ್ಲಿ ರಿಯಾಕ್ಟ್‌ಗೆ ಹುಕ್ಸ್ ಬಂದ್ಮೇಲೆ ಸಣ್ಣ ಲೆಕ್ಕ ಆಯಾ ಕಾಂಪೊನೆಂಟ್‌ನಲ್ಲೇ ಇಟ್ಕೊಳ್ಳೋದು ಇನ್ನೂ ಸುಲಭ ಆಯ್ತು. ನಮ್ಮ ಫೆಸ್ಟ್ ಸೈಟ್‌ಗೆ ನಾನು ಹಾಕಿರೋದು ಬರೀ ಯೂಸ್‌ಸ್ಟೇಟ್.