ಒಂದು ಚೌಕಟ್ಟು, ಎರಡು ಎಂಜಿನು: ಜೋಡಿ ಉಗಿಯಂತ್ರಗಳನ್ನು ಕುರಿತು

ಬೆಂಗಳೂರಿನ ಪೂರ್ವದ ಹೊರವಲಯವಾದ ವೈಟ್‌ಫೀಲ್ಡ್ ಇಂದು ಗಣಕ ಸಂಸ್ಥೆಗಳ ಊರೆಂದು ಹೆಸರಾಗಿದೆ. ಆದರೆ ಅದರ ಅಂಚಿನಲ್ಲಿ ಹಾದುಹೋಗುವ ರೈಲುದಾರಿ ಊರಿಗಿಂತ ಹಳೆಯದು. ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ಬ್ರಾಡ್‌ಗೇಜ್ ಮಾರ್ಗವನ್ನು ತೆರೆದದ್ದು 1864ರಲ್ಲಿ. ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಹತ್ತನೆಯ ಚಾಮರಾಜ ಒಡೆಯರಿಂದ ಭೂಮಿ ದೊರೆತು ಈ ವಸಾಹತು ಹುಟ್ಟಿದ್ದು 1882ರಲ್ಲಿ. ಈಗ ಇಲ್ಲಿ ದುಡಿಯುವ ತರುಣ ಎಂಜಿನಿಯರುಗಳಲ್ಲಿ ರೈಲುಪ್ರೇಮಿಗಳು ಕಡಿಮೆಯಿಲ್ಲ. ಅವರೊಡನೆ ಮಾತನಾಡುವಾಗ ಕಂಡುಬಂದ ಒಂದು ವೈಚಿತ್ರ್ಯವೇ ಈ ಲೇಖನಕ್ಕೆ ಪ್ರೇರಣೆ. ದಕ್ಷಿಣದ ದಾರಿಗಳಲ್ಲಿ ದಶಕಗಳ ಕಾಲ ಓಡಿದ ಎಂಜಿನುಗಳ ವಿಚಾರ ಅವರಲ್ಲಿ ಕೆಲವರಿಗೆ ಮಾತ್ರ ತಿಳಿದಿದೆ. ಅಮೆರಿಕದಲ್ಲಿ ಹತ್ತು ವರ್ಷವೂ ನೆಟ್ಟಗೆ ನಡೆಯದ ಜೋಡಿ ಉಗಿಯಂತ್ರವಾದರೋ ಬಹುಮಂದಿಗೆ ಬಾಯಿಪಾಠ.

ಜೋಡಿಯಂತ್ರವೆಂದರೇನು? ಸಾಮಾನ್ಯ ಉಗಿ ಎಂಜಿನಿನಲ್ಲಿ ಎರಡು ಸಿಲಿಂಡರುಗಳು ಉದ್ದನೆಯ ಸಲಾಕೆಗಳ ಮೂಲಕ ಎಲ್ಲ ಚಾಲಕ ಚಕ್ರಗಳನ್ನೂ ತಿರುಗಿಸುತ್ತವೆ. ಎಂಜಿನು ದೊಡ್ಡದಾದಂತೆ ಈ ಸಲಾಕೆಗಳ ಮತ್ತು ಪಿಸ್ಟನ್ನುಗಳ ತೂಕ ಹೆಚ್ಚುತ್ತದೆ. ವೇಗದಲ್ಲಿ ಆ ತೂಕದ ಹೊಡೆತ ಕಂಬಿಗಳ ಮೇಲೆ ಬೀಳುತ್ತದೆ. ಇದಕ್ಕೆ ಪರಿಹಾರವಾಗಿ ಒಂದೇ ಗಟ್ಟಿ ಚೌಕಟ್ಟಿನಲ್ಲಿ ಚಕ್ರಗಳನ್ನು ಎರಡು ಗುಂಪುಗಳಾಗಿ ಒಡೆದು, ಒಂದೊಂದು ಗುಂಪಿಗೂ ಬೇರೆ ಬೇರೆ ಸಿಲಿಂಡರುಗಳನ್ನು ಜೋಡಿಸಿದರು. ಫ್ರಾನ್ಸಿನಲ್ಲಿ ಪೆತಿಯೆ ಎಂಬಾತ 1863ರಲ್ಲಿಯೇ ಇಂಥ ಪ್ರಯತ್ನ ಮಾಡಿದ್ದನು. ಅದು ಪ್ರೌಢರೂಪಕ್ಕೆ ಬಂದದ್ದು ಪೆನ್ಸಿಲ್ವೇನಿಯಾ ರೈಲ್ರೋಡಿನಲ್ಲಿ. 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ನಿಂತಿದ್ದ ಎಸ್1, ಟೆಂಡರೂ ಸೇರಿ ಸುಮಾರು 140 ಅಡಿ ಉದ್ದ. ಆ ಉದ್ದವೇ ಅದಕ್ಕೆ ಶಾಪವಾಯಿತು: ಬಹುಪಾಲು ತಿರುವುಗಳಲ್ಲಿ ಅದನ್ನು ಓಡಿಸುವಂತಿರಲಿಲ್ಲ. ಅನಂತರ ಬಂದ ಟಿ1 ವರ್ಗದಲ್ಲಿ 1942ರ ಎರಡು ಮಾದರಿಗಳೂ 1945–46ರ ಐವತ್ತು ಎಂಜಿನುಗಳೂ ಸೇರಿದ್ದವು. ರೇಮಂಡ್ ಲೋಯಿ ರೂಪಿಸಿದ ಅವುಗಳ ಮೂತಿ ಹಡಗಿನ ಮುಂಭಾಗದಂತೆ ಚೂಪಾಗಿತ್ತು.

ಇವು ಸೋತ ಕಾರಣಗಳನ್ನು ಅಭಿಮಾನಿಗಳು ಇಂದಿಗೂ ಚರ್ಚಿಸುತ್ತಾರೆ. ಎರಡು ಗುಂಪುಗಳಿಗೆ ಪರಸ್ಪರ ಸಂಬಂಧವಿಲ್ಲದ ಕಾರಣ, ಒಂದರ ಚಕ್ರ ಹಿಡಿತ ತಪ್ಪಿ ಗಿರ್ರನೆ ಸುತ್ತಿದರೆ ಇನ್ನೊಂದು ಅದನ್ನು ತಡೆಯಲಾರದು. ಪಾಪೆಟ್ ಕವಾಟಗಳು ಸೂಕ್ಷ್ಮವಾಗಿದ್ದವು, ರಿಪೇರಿಗೆ ಕೈ ಹೋಗುವುದೇ ಕಷ್ಟವಾಗಿತ್ತು. ಚಾಲಕರಿಗೆ ತಕ್ಕ ತರಬೇತಿ ಸಿಗಲಿಲ್ಲ, ಜಾರುವಿಕೆಯ ದೂರು ಅತಿಶಯವಾದದ್ದು ಎಂಬ ವಾದವೂ ಉಂಟು. ನಮಗೆ ತೋರುವ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಕಾರಣ ಕಾಲ: ಟಿ1 ಕಾರ್ಖಾನೆಯಿಂದ ಹೊರಬರುವ ವೇಳೆಗೆ ಡೀಸೆಲ್ ಎಂಜಿನು ಬಾಗಿಲಲ್ಲಿ ನಿಂತಿತ್ತು. 1956ರ ಹೊತ್ತಿಗೆ ಐವತ್ತೆರಡೂ ಗುಜರಿಗೆ ಹೋಗಿದ್ದವು.

ಒಂದೂ ಉಳಿಯಲಿಲ್ಲವೆಂಬುದನ್ನು ಗಮನಿಸಬೇಕು. ಟಿ1 ಗಂಟೆಗೆ 120 ಮೈಲಿ ಮೀರಿ ಓಡಿತೆಂಬ ಕಥೆಗಳಿವೆ. ಆದರೆ ಪ್ರಮಾಣಿತ ದಾಖಲೆ ಇರುವುದು 1938ರಲ್ಲಿ 126 ಮೈಲಿ ವೇಗ ಮುಟ್ಟಿದ ಬ್ರಿಟನ್ನಿನ ಮಲ್ಲಾರ್ಡಿಗೆ. ಅಳೆದು ಮುಗಿಸಿದ ಎಂಜಿನಿನ ಬಗ್ಗೆ ವಾದಿಸಲು ಏನೂ ಉಳಿಯುವುದಿಲ್ಲ. ಅಳೆಯದೆ ಹೋದದ್ದನ್ನು ಮಾತ್ರ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ಮತ್ತೆ ಓಡಿಸಬಹುದು. ಈ ಆಕರ್ಷಣೆಯನ್ನು ಬರಿಯ ಹುಚ್ಚೆಂದು ತಳ್ಳಿಹಾಕುವುದು ನಮಗೆ ಒಪ್ಪಿಗೆಯಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಅಲ್ಲಿಗೇ ನಿಲ್ಲಬಾರದು.

ಏಕೆಂದರೆ ಟಿ1 ಎಂಜಿನುಗಳಲ್ಲಿ ಅರ್ಧದಷ್ಟನ್ನು ಕಟ್ಟಿದ ಬಾಲ್ಡ್‌ವಿನ್ ಕಾರ್ಖಾನೆಯೇ 1947ರಲ್ಲಿ ಭಾರತಕ್ಕೆ ಡಬ್ಲ್ಯುಪಿ ವರ್ಗದ ಮೊದಲ ಹದಿನಾರು ಎಂಜಿನುಗಳನ್ನು ಕಳುಹಿಸಿತು. ಮುಂದೆ ಗುಂಡುಮೂತಿ, ಒಳಗೆ ಎರಡೇ ಸಿಲಿಂಡರು. ಹೊಸ ಸಾಹಸವೇನೂ ಇಲ್ಲ. 1967ರವರೆಗೆ ಒಟ್ಟು 755 ತಯಾರಾಗಿ, ದಕ್ಷಿಣದ ಬ್ರಾಡ್‌ಗೇಜ್ ದಾರಿಗಳನ್ನೂ ಒಳಗೊಂಡು ದೇಶದ ಮೇಲ್ ಗಾಡಿಗಳನ್ನು ಎಳೆದವು. ವೈಟ್‌ಫೀಲ್ಡ್, ಬಂಗಾರಪೇಟೆ, ಕೋಲಾರ ಗಣಿಯ ಕಡೆಯ ಎಷ್ಟೋ ಆಂಗ್ಲೋ-ಇಂಡಿಯನ್ ಮನೆಗಳು ರೈಲ್ವೆಯ ಸಂಬಳದಲ್ಲಿ ನಡೆದವು. ಆ ಮನೆಗಳ ಹಿರಿಯರಿಗೆ ಎಂಜಿನುಗಳ ಗುಣದೋಷ ಕೈಯಲ್ಲಿ ತಿಳಿದಿತ್ತು. ಅವರ ಮಾತನ್ನು ಬರೆದಿಡುವ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳುವುದಾದರೆ ಈಗಲೇ ಕೈಗೆತ್ತಿಕೊಳ್ಳಬೇಕು. ಹತ್ತು ವರ್ಷದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಜೋಡಿಯಂತ್ರದ ತತ್ತ್ವವನ್ನೇ ಕಣ್ಣಾರೆ ನೋಡಬೇಕೆನ್ನುವವರು ಪೆನ್ಸಿಲ್ವೇನಿಯಾದ ಕಡೆ ನೋಡಬೇಕಾಗಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ನೀಲಗಿರಿ ಹತ್ತಿದರೆ ಸಾಕು. ಮೆಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿಯೂ ಉದಕಮಂಡಲಕ್ಕೆ 1908ರಲ್ಲಿಯೂ ತಲಪಿದ ಆ ಬೆಟ್ಟದ ರೈಲಿನಲ್ಲಿ, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ರೂಪುಗೊಂಡ ಎಕ್ಸ್ ವರ್ಗದ ಎಂಜಿನುಗಳಿವೆ. ಹೆಸರಿನಲ್ಲಿ ಇವು ಜೋಡಿಯಂತ್ರಗಳಲ್ಲ. ರಚನೆಯಲ್ಲಿ ಒಂದೇ ಚೌಕಟ್ಟಿನೊಳಗಿನ ಎರಡು ಎಂಜಿನುಗಳೇ. ಹೆಚ್ಚಿನ ಒತ್ತಡದ ಸಿಲಿಂಡರುಗಳು ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತವೆ. ಸುಮಾರು ಹನ್ನೆರಡು ಅಡಿಗೆ ಒಂದಡಿಯಂತೆ ಏರುವ ಕಲ್ಲಾರು–ಕೂನೂರು ಭಾಗದಲ್ಲಿ, ಅವು ಬಿಟ್ಟ ಉಗಿಯೇ ಕಡಿಮೆ ಒತ್ತಡದ ಇನ್ನೆರಡು ಸಿಲಿಂಡರುಗಳಿಗೆ ಹೋಗಿ, ಹಳಿಗಳ ನಡುವಣ ಹಲ್ಲುಕಂಬಿಯನ್ನು ಕಚ್ಚುವ ಚಕ್ರಗಳನ್ನು ನಡೆಸುತ್ತದೆ. ಏರು ಮುಗಿದೊಡನೆ ಎರಡನೆಯ ಎಂಜಿನು ವಿರಮಿಸುತ್ತದೆ. ಸಮನೆಲದಲ್ಲಿ ವೇಗಕ್ಕಾಗಿ ಮಾಡಿದ ವಿಭಜನೆ ಎಲ್ಲಿ ಎಡವಿತೋ, ಬೆಟ್ಟದಲ್ಲಿ ಏರಿಗಾಗಿ ಮಾಡಿದ್ದು ಅಲ್ಲಿ ಎಡವಲಿಲ್ಲ. ಇಲ್ಲಿ ಸಾಮಾನ್ಯ ಚಕ್ರ ಜಾರಲು ಹವಣಿಸಿದರೂ ಹಲ್ಲಿನ ಹಿಡಿತವಿದೆ.

2005ರಲ್ಲಿ ಈ ದಾರಿ ಯುನೆಸ್ಕೋದ ವಿಶ್ವ ಪರಂಪರೆಗೆ ಸೇರಿತು. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು 2011ರಿಂದೀಚೆಗೆ ಇದೇ ವರ್ಗದ ಹೊಸ ಎಂಜಿನುಗಳನ್ನು ಕಟ್ಟಿ ಓಡಿಸಿದ್ದಾರೆ. ಅತ್ತ ಪೆನ್ಸಿಲ್ವೇನಿಯಾದ ಅಭಿಮಾನಿಗಳ ಒಂದು ನ್ಯಾಸ ಚಂದಾ ಎತ್ತಿ, 5550 ಎಂಬ ಸಂಖ್ಯೆ ಕೊಟ್ಟು, ಐವತ್ತಮೂರನೆಯ ಟಿ1 ಎಂಜಿನನ್ನು ಕಟ್ಟುತ್ತಿದೆ. ಮಲ್ಲಾರ್ಡಿನ ದಾಖಲೆಯನ್ನು ಮುರಿಯುವ ಆಸೆಯನ್ನೂ ಅವರು ಮುಚ್ಚಿಟ್ಟಿಲ್ಲ.