ಕಂಬಂ ಕಣಿವೆಯ ಕನ್ನಡ ಮನೆಗಳು ಮತ್ತು ತೂಕದ ಪುಸ್ತಕ

ಕಂಬಂ ಕಣಿವೆಯ ಕನ್ನಡಿಗರನ್ನು ಕುರಿತು ಬರೆಯುವವರು ವಲಸೆಯ ಐತಿಹ್ಯದಿಂದ ಆರಂಭಿಸುವುದು ವಾಡಿಕೆ. ತಮಿಳರು ಕಾಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗರು, ಅವರ ನೆರೆಯ ಅನುಪ್ಪರು ಉತ್ತರದಿಂದ ಯಾವಾಗ ಬಂದರು, ಏಕೆ ಬಂದರು ಎಂಬ ಪ್ರಶ್ನೆಗಳಿಗೆ ಸಾಕಷ್ಟು ಶಾಯಿ ವ್ಯಯವಾಗಿದೆ. ಬಂದವರು ಏನು ಉಂಡರು, ಅವರ ಮನೆಯ ಬಸುರಿ ಏನು ಉಂಡಳು ಎಂಬುದು ಪ್ರಶ್ನೆಯಾಗಿ ಎದ್ದದ್ದೇ ಅಪರೂಪ. ಡಬ್ಲ್ಯು. ಫ್ರಾನ್ಸಿಸ್ 1906ರಲ್ಲಿ ಹೊರತಂದ ಮದುರೆ ಜಿಲ್ಲಾ ಗೆಜೆಟಿಯರ್ ಮತ್ತು 1909ರ ಥರ್ಸ್ಟನ್ ಸಂಪುಟಗಳು ಕಂಬಂನ ‘ದೇವರ ಆವು’ ಎಂಬ ಮೀಸಲು ದನದ ಹಿಂಡನ್ನು, ಕಬ್ಬನ್ನು ಮುಂದಿಟ್ಟು ಅದರ ಪಟ್ಟದ ಹೋರಿಯನ್ನು ಆರಿಸುವ ಕ್ರಮವನ್ನು ಆಸಕ್ತಿಯಿಂದ ವರ್ಣಿಸುತ್ತವೆ. ಬಸುರಿಯ ತಟ್ಟೆಗೆ ಆ ಭಾಗ್ಯ ಒದಗಲಿಲ್ಲ.

ತಟ್ಟೆ ಚರಿತ್ರೆಯ ವಿಷಯವಾಗಬಲ್ಲದೇ ಎಂಬ ಸಂದೇಹಕ್ಕೆ ಉತ್ತರ ದೊರೆತದ್ದು ಮೈಸೂರಿನಲ್ಲಿ. ಅಲ್ಲಿನ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಡಲಾಗುತ್ತಿತ್ತು. ಬರೆದವರಿಗೆ ಅದು ದಿನನಿತ್ಯದ ಕರ್ತವ್ಯ, ಅಷ್ಟೆ. ಇಂಗ್ಲೆಂಡಿನ ಹಳೆಯ ಜನನ ದಾಖಲೆಗಳನ್ನು ಹಿಡಿದು, ಹೃದ್ರೋಗದ ಬೇರು ಗರ್ಭಾವಸ್ಥೆಯಲ್ಲಿದೆಯೆಂದು ವಾದಿಸಿದ ಡೇವಿಡ್ ಬಾರ್ಕರ್ ಮತ್ತು ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಅವರ ತಂಡ 1990ರ ದಶಕದಲ್ಲಿ ಈ ಪುಸ್ತಕಗಳನ್ನು ತೆರೆಯಿತು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನ ಆಸುಪಾಸಿನಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಐದೂವರೆ ಪೌಂಡು, ಅಂದರೆ ಎರಡೂವರೆ ಕಿಲೋ, ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗದ ಪ್ರಮಾಣ ಶೇ. 11, ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಶೇ. 3. ಮಗುವಿನ ತೂಕವೂ ಕಡಿಮೆ, ಬಸುರಿನಲ್ಲಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದ ಕಡೆ ಅದು ಶೇ. 20ಕ್ಕೆ ಏರಿತ್ತು.

ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಮನೆವಾರ್ತೆಯ ಲೆಕ್ಕದಂತಿದೆ. ಆಹಾರ ಸಾಲದಾದಾಗ ಭ್ರೂಣವು ಮಿದುಳಿನ ಪಾಲನ್ನು ಮೊದಲು ಕಾಯ್ದುಕೊಳ್ಳುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ಸ್ನಾಯುಗಳ ಪಾಲಿಗೆ ಕೊರತೆ ಬೀಳುತ್ತದೆ. ಮೂತ್ರಪಿಂಡದ ಸೋಸುವ ಘಟಕಗಳಂಥವು ಹುಟ್ಟಿದ ಮೇಲೆ ಹೆಚ್ಚುವುದಿಲ್ಲ. ಕೊರತೆಗೆ ಹೊಂದಿಕೊಂಡ ಇಂಥ ದೇಹಕ್ಕೆ ಮುಂದೆ ಸಮೃದ್ಧಿ ಎದುರಾದಾಗ ತೊಂದರೆ ತಲೆದೋರುತ್ತದೆ. ಮೈಸೂರಿನ ಮಧುಮೇಹದ ಲೆಕ್ಕ ಇಷ್ಟು ಸರಳವಾಗಿರಲಿಲ್ಲ ಎಂಬುದನ್ನೂ ಹೇಳಬೇಕು: ಅಲ್ಲಿ ರೋಗ ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ.

ಕಂಬಂ ಕಣಿವೆಯಲ್ಲಿ ಕೊರತೆ ಮತ್ತು ಸಮೃದ್ಧಿ ಅಕ್ಕಪಕ್ಕದಲ್ಲೇ ಬೆಳೆದವು. 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿಸಿದ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಕಣಿವೆಗಿಳಿದು ವೈಗೈ ಸೇರಿತು. ನೀರು ಹತ್ತಿದ ನೆಲ ಎರಡು ಬೆಳೆ ಭತ್ತದ ಗದ್ದೆಯಾಯಿತು. ಆಂಡಿಪಟ್ಟಿ ಕಡೆಯ ಬಯಲು ಒಣನೆಲವಾಗಿಯೇ ಉಳಿಯಿತು. ಅನ್ನ ಅಂತಸ್ತಿನ ಊಟವಾದಂತೆ ರಾಗಿ ಬಡವರ ಊಟವೆನಿಸಿಕೊಂಡಿತು. ಮುದ್ದೆಯೆನ್ನಲಿ, ತಮಿಳಿನ ಕಳಿಯೆನ್ನಲಿ, ನೂರು ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ 1920ರ ದಶಕದಲ್ಲಿ ಪ್ರಾಂತಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದಾಗ ಮದ್ರಾಸಿನ ಅನ್ನದೂಟ ತಿಂದವೇ ಎಲ್ಲಕ್ಕಿಂತ ಬಡಕಲಾದವು. ಅದೇ ಕಾಲದ ಲೂಸಿ ವಿಲ್ಸ್, ಮುಂಬಯಿಯ ಗಿರಣಿ ಕಾರ್ಮಿಕ ಬಸುರಿಯರ ರಕ್ತಹೀನತೆಗೆ ಊಟದ ಕೊರತೆಯೇ ಕಾರಣವೆಂದು ತೋರಿಸಿ, ಯೀಸ್ಟಿನ ಸಾರದಿಂದ ಅದನ್ನು ವಾಸಿಮಾಡಿದರು. ಇಂದಿಗೂ ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲದ ಗುಳಿಗೆಯ ಹಿಂದೆ ಆ ಕೆಲಸವಿದೆ.

ಈ ತಿಳಿವು ಸರ್ಕಾರಿ ಯೋಜನೆಯ ರೂಪದಲ್ಲಿ ಮದುರೆ ಸೀಮೆಗೆ ಬಂದದ್ದು 1980ರಲ್ಲಿ. ವಿಶ್ವಬ್ಯಾಂಕಿನ ನೆರವಿನ ತಮಿಳುನಾಡು ಸಮಗ್ರ ಪೋಷಣಾ ಯೋಜನೆ ಮೊದಲು ಜಾರಿಗೊಂಡದ್ದು ಮದುರೆ ಜಿಲ್ಲೆಯ ಕೊಟ್ಟಾಂಪಟ್ಟಿ ಬ್ಲಾಕಿನಲ್ಲಿ. ದಿಂಡಿಗಲ್ ಆಗಿನ್ನೂ ಬೇರೆಯಾಗಿರಲಿಲ್ಲ, ತೇನಿಯೂ ಮದುರೆಯ ಭಾಗವೇ. ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳನ್ನು ಪ್ರತಿ ತಿಂಗಳೂ ತೂಗುವುದು, ತೂಕ ಏರದ ಮಗುವಿಗೆ ಮಾತ್ರ ಕನಿಷ್ಠ 90 ದಿನ ಪೂರಕ ಆಹಾರ ಕೊಡುವುದು, ತಾಯಿಗೆ ತಕ್ಕಡಿಯ ಮುಳ್ಳನ್ನು ತೋರಿಸಿ ಮಾತಾಡುವುದು ಅದರ ಕ್ರಮ. ಎರಡು ವರ್ಷಗಳ ತರುವಾಯ ಎಂ.ಜಿ.ಆರ್. ಅವರ ಪೌಷ್ಟಿಕ ಊಟದ ಯೋಜನೆ ಬಂದಿತು. ಜನರ ನೆನಪಿನಲ್ಲಿ ನಿಂತದ್ದು ಅದೇ. ಮುಂದೆ 1984ರಲ್ಲಿ ಆಂಡಿಪಟ್ಟಿಯ ಮತದಾರರು ಅವರನ್ನು ವಿಧಾನಸಭೆಗೆ ಆರಿಸಿಕಳಿಸಿದರು. ಆದರೆ ಆ ಊಟ ಆರಂಭವಾಗುತ್ತಿದ್ದದ್ದು ಮಗುವಿಗೆ ಎರಡು ತುಂಬಿದ ಮೇಲೆ. ಬೆಳವಣಿಗೆ ಕುಂಠಿತವಾಗುವುದು ಬಹುಮಟ್ಟಿಗೆ ಅದಕ್ಕಿಂತ ಮೊದಲೇ. ಈ ದೃಷ್ಟಿಯಿಂದ, ಹೆಸರಿಲ್ಲದ ತಕ್ಕಡಿಯ ಯೋಜನೆಯೇ ಹೆಚ್ಚು ದೂರದೃಷ್ಟಿಯುಳ್ಳದ್ದು. ಅದು ತೀವ್ರ ಅಪೌಷ್ಟಿಕತೆಯನ್ನು ಇಳಿಸಿತು. ಮಧ್ಯಮ ಮಟ್ಟದ ಕೊರತೆ ಅಷ್ಟಾಗಿ ಜಗ್ಗಲಿಲ್ಲ. ಹೀಗಾಗಿ 1990ರಲ್ಲಿ ಆರಂಭವಾದ ಎರಡನೆಯ ಹಂತದಲ್ಲಿ ಜನನ ತೂಕದ ಪ್ರಶ್ನೆಗೆ, ಅಂದರೆ ಬಸುರಿಯ ತಟ್ಟೆಗೆ, ಒತ್ತು ಬಿತ್ತು.

ಮೈಸೂರಿನ ಪುಸ್ತಕಕ್ಕೂ ಮದುರೆಯ ತಕ್ಕಡಿಗೂ ಒಂದು ಭೇದವಿದೆ. ಮೊದಲನೆಯದು ಅರವತ್ತು ವರ್ಷ ಕಾದು ಅರ್ಥ ಪಡೆಯಿತು. ಎರಡನೆಯದರ ಗುರಿ ಈ ತಿಂಗಳ ಮಗು. ಅದರ ಯಶಸ್ಸು ತಾಯಿಯೊಡನೆ ನಡೆಯುವ ಮಾತನ್ನು ಅವಲಂಬಿಸಿತ್ತು. ಕನ್ನಡ ಮನೆಗಳ ಪ್ರಶ್ನೆ ಏಳುವುದು ಇಲ್ಲಿಯೇ. ಸರ್ಕಾರದ ಮಾತು ತಮಿಳು. ಕಣಿವೆಯ ಒಕ್ಕಲಿಗರಿಗೂ ಅನುಪ್ಪರಿಗೂ ಅದು ಪೇಟೆಯ, ಶಾಲೆಯ, ಕಚೇರಿಯ ಭಾಷೆಯಾಗಿ ಚೆನ್ನಾಗಿ ಗೊತ್ತು. ಅರ್ಥವಾಗದ ತೊಡಕು ಇದಲ್ಲ. ಬಯಕೆ, ಬಾಣಂತನ, ಪಥ್ಯ, ಮಗುವಿನ ಮೊದಲ ತುತ್ತು ಇವು ಅತ್ತೆಯಿಂದ ಸೊಸೆಗೆ ಮನೆಮಾತಿನಲ್ಲಿ ದಾಟುವ ವಿಷಯಗಳು. ಹೊಟ್ಟೆ ತುಂಬ ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾದೀತೆಂಬ ಭಯವನ್ನು ದಕ್ಷಿಣ ಭಾರತದ ಅನೇಕ ಕಡೆ ದಾಖಲಿಸಲಾಗಿದೆ. ಹೆರಿಗೆಯಲ್ಲಿ ಸತ್ತವರನ್ನು ಕಂಡ ಹೆಂಗಸರ ಲೆಕ್ಕಾಚಾರ ಅದು. ಮೌಢ್ಯವೆಂದು ತಳ್ಳಿಹಾಕಿದರೆ ಸಂವಾದ ಅಲ್ಲಿಗೇ ನಿಲ್ಲುತ್ತದೆ. ಅಂಥ ಭಯ ಕಚೇರಿಯ ಭಾಷೆಯಲ್ಲಿ ಬಾಯಿಬಿಡುವುದಿಲ್ಲ.

ಜೊತೆಗೆ ದುಡಿಮೆಯ ಒತ್ತಡ. ಕಂಬಂ, ಬೋಡಿನಾಯಕನೂರುಗಳ ಹೆಣ್ಣುಮಕ್ಕಳು ನಸುಕಿನಲ್ಲೇ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಾರೆ. ಮೊಲೆಹಾಲಿನ ಕೂಸನ್ನು ಬಿಟ್ಟು ಹೋದವಳಿಗೆ ಮಗುವಿಗೆ ಮೂರು ನಾಲ್ಕು ಬಾರಿ ಮೆತ್ತನೆಯ ಊಟ ಕೊಡಬೇಕೆಂಬ ಉಪದೇಶದಿಂದ ಆಗುವುದೇನು? ತಮಿಳುನಾಡು ಸರ್ಕಾರ ಮುತ್ತುಲಕ್ಷ್ಮಿ ರೆಡ್ಡಿ ಅವರ ಹೆಸರಿನ ಹೆರಿಗೆ ನೆರವನ್ನು 2006ರಲ್ಲಿ 6,000 ರೂಪಾಯಿಗೆ ಏರಿಸಿದಾಗ ಅದರ ಹಿಂದಿದ್ದದ್ದು ಇದೇ ತಿಳಿವಳಿಕೆ: ಕೂಲಿ ಬಿಟ್ಟ ದಿನಗಳಿಗೆ ಬೆಲೆ ಕಟ್ಟದೆ ಪೋಷಣೆಯ ಮಾತಿಲ್ಲ. 2011ರಿಂದ ಪಡಿತರದಲ್ಲಿ ಉಚಿತ ಅಕ್ಕಿಯೂ ಸಿಕ್ಕಿತು. ಹಸಿವು ನೀಗಿತು, ಕೊರತೆಯಲ್ಲಿ ರೂಪುಗೊಂಡ ದೇಹಗಳ ಮುಂದೆ ಅನ್ನದ ರಾಶಿಯೂ ಬಿದ್ದಿತು.

ಈಗ ಅಂಗನವಾಡಿಗಳ ವತಿಯಿಂದ ಸಮುದಾಯ ವಳೈಕಾಪ್ಪು ನಡೆಯುತ್ತದೆ. ಮನೆಯೊಳಗಿನ ಬಳೆ ತೊಡಿಸುವ ಶಾಸ್ತ್ರವನ್ನು ಸರ್ಕಾರವೇ ಪಂದಲಿನ ಕೆಳಗೆ ತಂದಿದೆ. ಗರ್ಭಿಣಿಯರನ್ನು ಸಾಲಾಗಿ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ಗಾಜಿನ ಬಳೆ ತೊಡಿಸಿ, ತೂಕ ಮತ್ತು ಊಟದ ಬಗ್ಗೆ ತಿಳಿಹೇಳುತ್ತಾರೆ. ಆಮೇಲೆ ಎಲೆಗೆ ಬೀಳುವುದು ಹುಳಿಯನ್ನ, ನಿಂಬೆಯನ್ನ, ತೆಂಗಿನಕಾಯಿ ಅನ್ನ, ಮೊಸರನ್ನ.